ಜೋಡಿ ಹಾಳೆಯಿಂದ ಅಂಗಾಂಶ ಜಾಲಕ್ಕೆ

ಸಸ್ಯಶಾಸ್ತ್ರದಲ್ಲಿ ಹಳೆಯ ಪದ್ಧತಿಯೊಂದುಂಟು: ಕಾಡಿನಲ್ಲಿ ಗಿಡವೊಂದನ್ನು ಗುರುತಿಸಿದ ಸಂಗ್ರಾಹಕನು ಅದರ ಮೂರು ನಾಲ್ಕು ಹೂಬಿಟ್ಟ ರೆಂಬೆಗಳನ್ನು ಕತ್ತರಿಸಿ, ಕಾಗದಗಳ ನಡುವೆ ಒತ್ತಿ ಒಣಗಿಸಿ, ಎಲ್ಲಕ್ಕೂ ಒಂದೇ ಸಂಖ್ಯೆಯನ್ನು ಕೊಟ್ಟು, ಒಂದನ್ನು ತನ್ನ ಸಂಸ್ಥೆಯಲ್ಲಿ ಇರಿಸಿಕೊಂಡು ಉಳಿದವನ್ನು ದೂರದ ಸಂಸ್ಥೆಗಳಿಗೆ ಕಳುಹಿಸುತ್ತಾನೆ. ಹೀಗೆ ಒಣಗಿಸಿದ ಸಸ್ಯಗಳನ್ನು ದಪ್ಪ ಹಾಳೆಗಳಿಗೆ ಅಂಟಿಸಿ, ಸಿಕ್ಕಿದ ಊರು, ದಿನ, ಸಂಗ್ರಾಹಕನ ಹೆಸರುಗಳನ್ನು ಬರೆದು ಕಪಾಟುಗಳಲ್ಲಿ ಜೋಡಿಸಿಟ್ಟ ಭಂಡಾರಕ್ಕೆ ಹರ್ಬೇರಿಯಂ ಎಂದು ಹೆಸರು. ಒಂದೇ ಸಂಖ್ಯೆಯ ಹಾಳೆಗಳನ್ನು ಜೋಡಿ ಹಾಳೆಗಳೆನ್ನಬಹುದು. ಈ ಹಂಚಿಕೆಯ ಉದ್ದೇಶ ಮೊದಲಿಗೆ ವ್ಯಾವಹಾರಿಕವಾಗಿತ್ತು: ಕಳುಹಿಸಿದವನಿಗೆ ಗಿಡದ ಹೆಸರು ಖಚಿತವಾಗುತ್ತಿತ್ತು, ಪ್ರತಿಯಾಗಿ ಬೇರೆ ನಾಡಿನ ಗಿಡಗಳು ಬರುತ್ತಿದ್ದವು. ಜೀವಿಗಳ ಡಿಎನ್‌ಎ ಮತ್ತು ಅಂಗಾಂಶಗಳ ಸಂಗ್ರಹಗಳನ್ನು ಒಂದರೊಡನೊಂದು ಬೆಸೆಯಲು 2011ರಲ್ಲಿ ರೂಪುಗೊಂಡ ಗ್ಲೋಬಲ್ ಜೀನೋಮ್ ಬಯೋಡೈವರ್ಸಿಟಿ ನೆಟ್‌ವರ್ಕ್, ಅಂದರೆ ಜಿಜಿಬಿಎನ್, ಇದೇ ಪದ್ಧತಿಯ ವಂಶಕ್ಕೆ ಸೇರಿದ್ದು. ಅದರ ದತ್ತಾಂಶ ವ್ಯವಸ್ಥೆ ಬೆಳೆದದ್ದು ಬರ್ಲಿನ್ನಿನ ದಾಲೆಮ್ ಬಡಾವಣೆಯಲ್ಲಿರುವ ಸಸ್ಯೋದ್ಯಾನ ಮತ್ತು ಸಸ್ಯ ವಸ್ತುಸಂಗ್ರಹಾಲಯದಲ್ಲಿ. ಜಾಲದ ಇತಿಹಾಸವನ್ನು ಶೈತ್ಯಯಂತ್ರಗಳಿಂದ ಆರಂಭಿಸುವುದಕ್ಕಿಂತ ಆ ಸಂಸ್ಥೆಯ ಹಾಳೆಗಳಿಂದ ಆರಂಭಿಸುವುದೇ ಹೆಚ್ಚು ಉಚಿತ. ಆ ಹಾಳೆಗಳಲ್ಲಿ ಒಂದು ಪಾಲು ದಕ್ಷಿಣ ಭಾರತದಿಂದಲೇ ಹೋದದ್ದು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಡೇನರ ವಶದಲ್ಲಿದ್ದ ತರಂಗಂಬಾಡಿಯ ಮಿಷನರಿಗಳಾದ ಯೋಹಾನ್ ಪೀಟರ್ ರಾಟ್ಲರ್ ಮತ್ತು ಯೋಹಾನ್ ಗಾಟ್‌ಫ್ರೀಡ್ ಕ್ಲೈನ್ ಅವರು ತಮಿಳು ನಾಡಿನ ಗಿಡಗಳನ್ನು ಒಣಗಿಸಿ ಬರ್ಲಿನ್ನಿನ ಕಾರ್ಲ್ ಲುಡ್ವಿಗ್ ವಿಲ್ಡನೋ ಅವರಿಗೆ ಕಳುಹಿಸುತ್ತಿದ್ದರು. ವಿಲ್ಡನೋ 1812ರಲ್ಲಿ ತೀರಿಕೊಂಡ ಬಳಿಕ, 20 ಸಾವಿರಕ್ಕೂ ಹೆಚ್ಚು ಪ್ರಭೇದಗಳಿದ್ದ ಅವರ ಸಂಗ್ರಹವನ್ನು ಪ್ರಷ್ಯದ ಸರ್ಕಾರ 1818ರಲ್ಲಿ ಕೊಂಡುಕೊಂಡಿತು. ಅದೇ ವಲಯದ ಮತ್ತೊಬ್ಬ ಸಂಗ್ರಾಹಕ ಬೆಂಜಮಿನ್ ಹೇಯ್ನ್ ಕನ್ನಡ ನಾಡಿಗೆ ಇನ್ನೂ ಹತ್ತಿರದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞರಾಗಿದ್ದ ಹೇಯ್ನ್ ಅವರಿಗೆ ಬೆಂಗಳೂರಿನ ಲಾಲ್‌ಬಾಗಿನ ಹೊಣೆ ಬಂದಿತು. ಕಾಲಿನ್ ಮೆಕೆಂಜಿ ಅವರ ಮೈಸೂರು ಸರ್ವೇಕ್ಷಣೆಯಲ್ಲೂ ಅವರು ಕೆಲಸ ಮಾಡಿದರು. ಅವರು ಯುರೋಪಿಗೆ ಒಯ್ದ ಗಿಡಗಳನ್ನು ಆಧರಿಸಿ ಜರ್ಮನಿಯ ಆಲ್ಬ್ರೆಕ್ಟ್ ವಿಲ್ಹೆಲ್ಮ್ ರೋಥ್ 1821ರಲ್ಲಿ ಭಾರತದ ಹೊಸ ಪ್ರಭೇದಗಳ ಬಗ್ಗೆ ಲ್ಯಾಟಿನ್ ಭಾಷೆಯ ಗ್ರಂಥವೊಂದನ್ನು ಪ್ರಕಟಿಸಿದರು. ಹೊಸ ಪ್ರಭೇದವನ್ನು ವರ್ಣಿಸಿ ಹೆಸರಿಡುವಾಗ ಆಧಾರವಾಗಿ ಹಿಡಿದ ಹಾಳೆಗೆ ಪ್ರಮಾಣ ಮಾದರಿ ಎನ್ನುತ್ತಾರೆ, ಮುಂದೆ ಆ ಹೆಸರಿನ ಬಗ್ಗೆ ಸಂದೇಹ ಬಂದಾಗಲೆಲ್ಲ ವಿದ್ವಾಂಸರು ಆ ಹಾಳೆಗೇ ಮರಳುತ್ತಾರೆ. ರೋಥ್ ಕಂಡ ಅಂಥ ಹಾಳೆಗಳು ಬರ್ಲಿನ್ನಿನಲ್ಲಿ ನೆಲೆಗೊಂಡವು. ಹೇಯ್ನ್ ಅವರ ಸಂಗ್ರಹದ ಇನ್ನೊಂದು ಪಾಲು ಕಂಪನಿಯ ಹರ್ಬೇರಿಯಂ ಮೂಲಕ ಲಂಡನ್ ಬಳಿಯ ಕ್ಯೂ ಉದ್ಯಾನವನ್ನು ಸೇರಿತು. ಗಿಡ ಬೆಳೆದ ನೆಲದ ಜನರನ್ನು ಈ ವ್ಯವಹಾರದಲ್ಲಿ ಯಾರೂ ಕೇಳಲಿಲ್ಲ. ಅದರ ಹೆಸರನ್ನೂ ಉಪಯೋಗವನ್ನೂ ತಿಳಿಸಿಕೊಟ್ಟವರು ಬಹುಪಾಲು ಅವರೇ ಆಗಿದ್ದರೂ ಹಾಳೆಯ ಮೇಲೆ ಉಳಿದದ್ದು ಸಂಗ್ರಾಹಕನ ಹೆಸರು ಮಾತ್ರ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಡಾಲ್ಫ್ ಎಂಗ್ಲರ್ ಅವರ ನಿರ್ದೇಶನದಲ್ಲಿ ಬರ್ಲಿನ್ನಿನ ಸಸ್ಯೋದ್ಯಾನವು ನಗರದ ಷೋನೆಬರ್ಗ್ ಭಾಗದಿಂದ ದಾಲೆಮ್‌ಗೆ ಸ್ಥಳಾಂತರವಾಗತೊಡಗಿತು, 1910ರ ವೇಳೆಗೆ ಹೊಸ ನೆಲೆ ಪೂರ್ಣಗೊಂಡಿತು. ಜರ್ಮನ್ ವಸಾಹತುಗಳಿದ್ದ ಆಫ್ರಿಕದಿಂದಲೂ ನ್ಯೂಗಿನಿಯಿಂದಲೂ ದಕ್ಷಿಣ ಅಮೆರಿಕದಿಂದಲೂ ಬಂದ ಹಾಳೆಗಳು ಸೇರಿ ಸುಮಾರು 40 ಲಕ್ಷ ಮಾದರಿಗಳ ಸಂಗ್ರಹವಾಗಿ ಬೆಳೆದ ಬರ್ಲಿನ್ ಹರ್ಬೇರಿಯಂ ಜಗತ್ತಿನ ಅತಿ ದೊಡ್ಡ ಸಂಗ್ರಹಗಳ ಸಾಲಿನಲ್ಲಿತ್ತು. 1943ರ ಮಾರ್ಚ್ 1ರ ರಾತ್ರಿ ನಡೆದ ವಿಮಾನ ದಾಳಿಯಲ್ಲಿ ಕಟ್ಟಡಕ್ಕೆ ಬೆಂಕಿ ಬಿದ್ದು ಅದರ ಬಹುಪಾಲು ಗ್ರಂಥಾಲಯದೊಂದಿಗೆ ಸುಟ್ಟುಹೋಯಿತು. ಪ್ರತ್ಯೇಕವಾಗಿ ರಕ್ಷಿಸಿಡಲಾಗಿದ್ದ ವಿಲ್ಡನೋ ಸಂಗ್ರಹ ಉಳಿಯಿತು, ತರಂಗಂಬಾಡಿಯ ಗಿಡಗಳೂ ಅದರೊಡನೆ ಉಳಿದವು. ರೋಥ್ ಅವರ ಹೆಸರುಗಳಿಗೆ ಆಧಾರವಾಗಿದ್ದ ಹಾಳೆಗಳು ಬಹುಪಾಲು ನಾಶವಾದವು. ಭಾರತದ ಸಸ್ಯಗಳ ಬಗ್ಗೆ ಕೆಲಸ ಮಾಡುವವರು ಆ ಹೆಸರುಗಳ ಅರ್ಥವನ್ನು ನಿಶ್ಚಯಿಸಬೇಕಾದರೆ ಇಂದು ಕ್ಯೂ ಉದ್ಯಾನದಲ್ಲಿರುವ ಹೇಯ್ನ್ ಹಾಳೆಗಳನ್ನೇ ನೋಡಬೇಕು.

ನಷ್ಟದ ನಂತರ ಕಣ್ಣಿಗೆ ಬಿದ್ದ ಸಂಗತಿಯೆಂದರೆ, ಹೊರಗೆ ಹೋಗಿದ್ದ ಹಾಳೆಗಳೇ ಬರ್ಲಿನ್ನಿನ ಸಂಗ್ರಹವನ್ನು ಪುನರ್ನಿರ್ಮಿಸಲು ಒದಗಿದ ಆಧಾರ. ಷಿಕಾಗೋದ ಫೀಲ್ಡ್ ಮ್ಯೂಸಿಯಂನ ಜೆ. ಫ್ರಾನ್ಸಿಸ್ ಮ್ಯಾಕ್‌ಬ್ರೈಡ್ 1929ರಲ್ಲಿ ಬರ್ಲಿನ್ನಿಗೆ ಬಂದು, ಉಷ್ಣವಲಯದ ಅಮೆರಿಕದ ಸಸ್ಯಗಳ ಪ್ರಮಾಣ ಮಾದರಿಗಳ ಛಾಯಾಚಿತ್ರ ತೆಗೆಯಲಾರಂಭಿಸಿದ್ದರು. ಮುಂದೆ ಯುರೋಪಿನ ಬೇರೆ ಸಂಗ್ರಹಗಳಿಗೂ ವಿಸ್ತರಿಸಿದ ಆ ಕೆಲಸದಿಂದ 40 ಸಾವಿರಕ್ಕೂ ಹೆಚ್ಚು ಚಿತ್ರಗಳು ಉಂಟಾದವು. ದಕ್ಷಿಣ ಅಮೆರಿಕದ ಎಷ್ಟೋ ಸಸ್ಯಗಳ ಮಟ್ಟಿಗೆ ಮೂಲ ಹಾಳೆಯ ಕುರುಹಾಗಿ ಈಗ ಉಳಿದಿರುವುದು ಆ ಛಾಯಾಚಿತ್ರವೊಂದೇ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದು ಕನ್ನಡ ಓದುಗರಿಗೆ ತಿಳಿದ ಸಂಗತಿ. ಓಲೆಗರಿಗೆ ಹುಳು, ಬೆಂಕಿ, ನೀರುಗಳ ಭಯವಿದ್ದ ಕಾಲದಲ್ಲಿ ಕಾವ್ಯವನ್ನು ಉಳಿಸಲು ಇದ್ದ ದಾರಿ ಅದು, ಹರ್ಬೇರಿಯಂಗಳ ಜೋಡಿ ಹಾಳೆಗಳು ಮಾಡಿದ್ದೂ ಅದೇ ಕೆಲಸ. ಆದರೆ ಲಿಪಿಕಾರ ಬರೆದ ಪ್ರತಿಗೆ ಇಲ್ಲದ ಒಂದು ಮಿತಿ ಜೀವಿಯ ಮಾದರಿಗೆ ಉಂಟು. ಒಂದು ಗಿಡದಿಂದ ಕತ್ತರಿಸಬಹುದಾದ ರೆಂಬೆಗಳು ಕೆಲವೇ ಆಗಿರುತ್ತವೆ, ಕಪ್ಪೆಯಂಥ ಪ್ರಾಣಿಯಲ್ಲಂತೂ ಇರುವುದೇ ಒಂದು ದೇಹ. ಈ ಮಿತಿ ಅಂಗಾಂಶಗಳ ಕಾಲದಲ್ಲಿ ಇನ್ನಷ್ಟು ಬಿಗಿಯಾಯಿತು.

ಒಣ ಮಾದರಿಯಲ್ಲಿ ರೂಪದ ಜೊತೆಗೆ ಆನುವಂಶಿಕ ಲಿಪಿಯೂ ಉಳಿದಿರುತ್ತದೆ ಎಂಬುದು ಎದ್ದು ಕಂಡದ್ದು 1984ರಲ್ಲಿ. ಜೀಬ್ರಾದ ಒಂದು ಉಪಪ್ರಭೇದವಾದ ಕ್ವಾಗ ಎಂಬ ಆಫ್ರಿಕದ ಪ್ರಾಣಿ ಬೇಟೆಗೆ ಬಲಿಯಾಗಿ, ಅದರ ಕೊನೆಯ ಒಂಟಿ ಜೀವ 1883ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಮೃಗಾಲಯದಲ್ಲಿ ಸತ್ತಿತ್ತು. ಜರ್ಮನಿಯ ಮೈನ್ಸ್ ನಗರದ ವಸ್ತುಸಂಗ್ರಹಾಲಯದಲ್ಲಿದ್ದ ಸುಮಾರು 140 ವರ್ಷ ಹಳೆಯ ಕ್ವಾಗ ಚರ್ಮಕ್ಕೆ ಅಂಟಿಕೊಂಡಿದ್ದ ಒಣ ಮಾಂಸದಿಂದ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಆಲನ್ ವಿಲ್ಸನ್ ಅವರ ಪ್ರಯೋಗಾಲಯದವರು ಡಿಎನ್‌ಎ ತುಣುಕುಗಳನ್ನು ಬೇರ್ಪಡಿಸಿ, ಒಟ್ಟು 229 ಅಕ್ಷರಗಳನ್ನು ಓದಿದರು. ಓದಿದ ಪ್ರಮಾಣ ಅಲ್ಪ, ಅದರ ಪರಿಣಾಮ ಮಾತ್ರ ಬಹಳ ದೊಡ್ಡದು. ಯಾವುದೇ ವಸ್ತುಸಂಗ್ರಹಾಲಯದ ಕಪಾಟಿನಲ್ಲಿರುವ ಚರ್ಮ, ಎಲುಬು, ಎಲೆಗಳನ್ನು ಹೊಸ ಕಣ್ಣಿನಿಂದ ನೋಡುವ ಅಗತ್ಯವನ್ನು ಅದು ತಂದಿತು. ಅದೇ ದಶಕದಲ್ಲಿ ಕ್ಯಾರಿ ಮುಲ್ಲಿಸ್ ರೂಪಿಸಿದ ಪಿಸಿಆರ್ ವಿಧಾನ, ಎಂದರೆ ಡಿಎನ್‌ಎಯ ಸಣ್ಣ ಭಾಗವೊಂದನ್ನು ಕೊಳವೆಯೊಳಗೆ ಲಕ್ಷಾಂತರ ಪಟ್ಟು ನಕಲು ಮಾಡುವ ಕ್ರಮ, ಬಳಕೆಗೆ ಬಂದಮೇಲೆ ಬೆರಳ ಉಗುರಿನಷ್ಟು ಎಲೆಯೂ ಸಂಶೋಧನೆಗೆ ಸಾಕಾಗತೊಡಗಿತು. 1991ರಲ್ಲಿ ಮಾರ್ಕ್ ಚೇಸ್ ಮತ್ತು ಹೆರಾಲ್ಡ್ ಹಿಲ್ಸ್ ಅವರು, ತೇವವನ್ನು ಹೀರುವ ಸಿಲಿಕಾ ಜೆಲ್ ಹರಳುಗಳ ನಡುವೆ ಎಲೆಯ ಚೂರನ್ನು ಇಟ್ಟು ಬೇಗನೆ ಒಣಗಿಸಿದರೆ ಡಿಎನ್‌ಎ ಕೆಡದೆ ಉಳಿಯುತ್ತದೆಂದು ತೋರಿಸಿದರು. ದ್ರವ ಸಾರಜನಕದ ಭಾರವಾದ ಪಾತ್ರೆಯನ್ನು ಹೊತ್ತು ಬೆಟ್ಟ ಹತ್ತಲಾಗದ ಸಸ್ಯಶಾಸ್ತ್ರಜ್ಞರಿಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿರಲಿಲ್ಲ.

ಅಂಗಾಂಶವನ್ನು ಬೇಕೆಂದೇ ಕೂಡಿಡುವ ಕೆಲಸ ಅದಕ್ಕೂ ಮೊದಲೇ ಅಲ್ಲಲ್ಲಿ ಆರಂಭವಾಗಿತ್ತು. 1970ರ ದಶಕದಲ್ಲಿ ಸ್ಯಾನ್ ಡಿಯಾಗೊ ಮೃಗಾಲಯದಲ್ಲಿ ಕುರ್ಟ್ ಬೆನಿರ್ಷ್ಕೆ ಅವರು ಅಪರೂಪದ ಪ್ರಾಣಿಗಳ ಜೀವಕೋಶಗಳನ್ನು ಬೆಳೆಸಿ, ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಇರಿಸತೊಡಗಿದರು. ಅಲ್ಲಿ 1980ರಲ್ಲಿ ಹೆಪ್ಪುಗಟ್ಟಿಸಿಟ್ಟ ಕೋಶಗಳಿಂದ 2020ರಲ್ಲಿ ಪ್ರಝೆವಾಲ್ಸ್ಕಿ ಕುದುರೆಯ ಮರಿಯೊಂದು ತದ್ರೂಪಿಯಾಗಿ ಹುಟ್ಟಿತು. ಕ್ಯೂ ಉದ್ಯಾನದಲ್ಲಿ 1992ರಲ್ಲಿ ಸಸ್ಯಗಳ ಡಿಎನ್‌ಎ ಬ್ಯಾಂಕ್ ಆರಂಭವಾಯಿತು. ಇವುಗಳ ಹೊರಗೆ ಜಗತ್ತಿನ ಬಹುಪಾಲು ಅಂಗಾಂಶ ಮಾದರಿಗಳು ಸಂಶೋಧಕರ ಸ್ವಂತ ಫ್ರೀಜರುಗಳಲ್ಲಿ ಬಿದ್ದಿದ್ದವು. ಯೋಜನೆ ಮುಗಿದಮೇಲೆ ಉಳಿದ ಶೀಷೆಗಳ ಮೇಲಿನ ಸಂಕೇತಗಳು ಅವನ್ನು ಬರೆದವರಿಗೆ ಮಾತ್ರ ತಿಳಿಯುತ್ತಿದ್ದವು, ಅವರು ನಿವೃತ್ತರಾದರೆ ಅಥವಾ ವಿದ್ಯುತ್ ಕೈಕೊಟ್ಟು ಯಂತ್ರ ಕೆಟ್ಟರೆ ಆ ಸಂಗ್ರಹವೇ ಇಲ್ಲವಾಗುತ್ತಿತ್ತು, ಇದ್ದಿತೆಂಬುದೂ ಹೊರಗಿನವರಿಗೆ ಗೊತ್ತಾಗುತ್ತಿರಲಿಲ್ಲ. ಡಿಎನ್‌ಎ ಅಕ್ಷರಸರಣಿಗಳನ್ನು ಸಾರ್ವಜನಿಕ ದತ್ತಸಂಚಯಗಳಿಗೆ ಸೇರಿಸುವ ರೂಢಿ 1980ರ ದಶಕದಿಂದ ಬೆಳೆದಿದ್ದರೂ, ಸರಣಿ ಬಂದ ದೇಹ ಎಲ್ಲಿದೆ ಎಂಬುದು ಅನೇಕ ದಾಖಲೆಗಳಲ್ಲಿ ಇರಲಿಲ್ಲ. ಹೆಸರು ತಪ್ಪಿದ್ದರೆ ತಿದ್ದಲು ಆಧಾರವೇ ಇರುತ್ತಿರಲಿಲ್ಲ. ಅಂಗಾಂಶ ತೆಗೆದ ಗಿಡ ಅಥವಾ ಪ್ರಾಣಿಯ ದೇಹವನ್ನು ಹರ್ಬೇರಿಯಂ ಇಲ್ಲವೆ ವಸ್ತುಸಂಗ್ರಹಾಲಯದಲ್ಲಿ ಇರಿಸಿದರೆ ಅದನ್ನು ಸಾಕ್ಷಿ ಮಾದರಿ ಎನ್ನುತ್ತಾರೆ. ಸಾಕ್ಷಿ ಮಾದರಿಯಿಲ್ಲದ ಶೀಷೆಯಲ್ಲಿರುವ ಡಿಎನ್‌ಎ ಎಷ್ಟೇ ಶುದ್ಧವಾಗಿರಲಿ, ಅದು ಯಾರದೆಂದು ಹೇಳುವವರಿಲ್ಲದ ಕಾರಣ ಅದರ ಬೆಲೆ ತೀರ ಕಡಿಮೆ. ಈ ವಿದ್ಯೆಯ ಇಡೀ ನೈತಿಕತೆ ಶೀಷೆಗೂ ಸಾಕ್ಷಿ ಮಾದರಿಗೂ ನಡುವಿನ ಕೊಂಡಿಯಲ್ಲಿದೆ ಎಂದರೆ ಅತಿಶಯೋಕ್ತಿಯಾಗದು.

ಆ ಕೊಂಡಿಯನ್ನು ವ್ಯವಸ್ಥಿತವಾಗಿ ಕಟ್ಟಿದ್ದು ಜರ್ಮನಿಯಲ್ಲಿ. 2007ರಲ್ಲಿ ಜರ್ಮನ್ ಸಂಶೋಧನಾ ಪ್ರತಿಷ್ಠಾನದ ನೆರವಿನಿಂದ ದಾಲೆಮ್‌ನ ಸಂಸ್ಥೆ, ಬಾನ್ ನಗರದ ಕೊಯೆನಿಗ್ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯ, ಮ್ಯೂನಿಕ್ಕಿನ ರಾಜ್ಯ ಪ್ರಾಣಿ ಸಂಗ್ರಹ, ಬ್ರೌನ್‌ಷ್ವೈಗ್‌ನ ಸೂಕ್ಷ್ಮಜೀವಿ ಸಂಗ್ರಹ ಇವು ಸೇರಿ ಡಿಎನ್‌ಎ ಬ್ಯಾಂಕ್ ನೆಟ್‌ವರ್ಕ್ ಅನ್ನು ಸ್ಥಾಪಿಸಿದವು. 2001ರಲ್ಲಿ ಆರಂಭವಾಗಿ ಕೋಪನ್‌ಹೇಗನ್ನಿನಿಂದ ನಡೆಯುವ ಜಾಗತಿಕ ಜೀವವೈವಿಧ್ಯ ಮಾಹಿತಿ ವ್ಯವಸ್ಥೆಯು ಸಾಕ್ಷಿ ಮಾದರಿಗಳ ದಾಖಲೆಗಳನ್ನು ಆಗಲೇ ಒಂದೇ ರೂಪದಲ್ಲಿ ಹೊಂದಿಸುತ್ತಿತ್ತು. ಬರ್ಲಿನ್ನಿನವರು ಅದೇ ರೂಪಕ್ಕೆ ಡಿಎನ್‌ಎ ಸಂಬಂಧದ ಅಂಕಣಗಳನ್ನು ಸೇರಿಸಿದರು. ದೇಹ ಒಂದು ಊರಿನಲ್ಲಿ, ಅದರ ಅಂಗಾಂಶ ಇನ್ನೊಂದು ಊರಿನಲ್ಲಿ, ಅದರಿಂದ ಬೇರ್ಪಡಿಸಿದ ಡಿಎನ್‌ಎ ಮೂರನೆಯ ಊರಿನಲ್ಲಿ, ಓದಿದ ಸರಣಿ ದತ್ತಸಂಚಯದಲ್ಲಿ ಇದ್ದರೂ, ಈ ನಾಲ್ಕನ್ನೂ ಒಂದೇ ಜೀವಿಯ ದಾಖಲೆಯಾಗಿ ಓದಲು ಇದರಿಂದ ಸಾಧ್ಯವಾಯಿತು. 2011ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ರಾಷ್ಟ್ರೀಯ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯವೂ ಇತರ ಸಂಸ್ಥೆಗಳೂ ಕೂಡಿ ಜಿಜಿಬಿಎನ್ ಅನ್ನು ರೂಪಿಸಿದಾಗ, ದತ್ತಾಂಶಕ್ಕೆ ಹೊಸದೊಂದನ್ನು ಕಟ್ಟದೆ ಬರ್ಲಿನ್ನಿನ ವ್ಯವಸ್ಥೆಯನ್ನೇ ಬೆಳೆಸಿಕೊಂಡರು. 1943ರ ಬಳಿಕ ಕಳೆದುಹೋದ ಹಾಳೆಗಳ ಜೋಡಿಗಳನ್ನು ಊರೂರಿನಲ್ಲಿ ಹುಡುಕಿ, ಹೊಸ ಸಂಗ್ರಹವನ್ನು ಕೂಡಿಸುತ್ತ ಇಂದು ಮತ್ತೆ 35 ಲಕ್ಷದ ಆಚೆಗೆ ತಲುಪಿರುವ ಸಂಸ್ಥೆಯು, ಯಾವ ಮಾದರಿ ಎಲ್ಲಿದೆ ಎಂದು ತೋರಿಸುವ ಹೊಣೆಯನ್ನು ಹೊತ್ತದ್ದು ಅದರ ಇತಿಹಾಸಕ್ಕೆ ತಕ್ಕದ್ದಾಗಿದೆ.

ಜಾಲಕ್ಕೆ ಸೇರುವುದೆಂದರೆ ಮಾದರಿಗಳನ್ನು ಒಂದು ಕೇಂದ್ರಕ್ಕೆ ಒಪ್ಪಿಸುವುದೆಂಬ ತಪ್ಪು ತಿಳುವಳಿಕೆ ಸಹಜವಾಗಿ ಉಂಟಾಗುತ್ತದೆ. ಶೀಷೆಗಳು ಆಯಾ ಸಂಸ್ಥೆಯಲ್ಲೇ ಇರುತ್ತವೆ, ಒಡೆತನವೂ ಬದಲಾಗುವುದಿಲ್ಲ. ಸೇರುವ ಸಂಸ್ಥೆಯು ತಿಳುವಳಿಕೆ ಪತ್ರಕ್ಕೆ ಸಹಿ ಹಾಕಿ, ಜಾಲದ ನಡವಳಿಕೆಯ ನಿಯಮಗಳನ್ನು ಒಪ್ಪಿ, ತನ್ನಲ್ಲಿರುವುದರ ವಿವರವನ್ನು ಗೊತ್ತಾದ ರೂಪದಲ್ಲಿ ಪ್ರಕಟಿಸುತ್ತದೆ. ದೂರದ ಸಂಶೋಧಕರಿಗೆ ಮಾದರಿ ಬೇಕಾದರೆ ಅವರು ಅದನ್ನು ಇರಿಸಿಕೊಂಡ ಸಂಸ್ಥೆಗೇ ಬರೆಯಬೇಕು, ಕೊಡುವ ಬಿಡುವ ನಿರ್ಧಾರ ಆ ಸಂಸ್ಥೆಯದು. ಕೊಟ್ಟರೆ ವಸ್ತು ವರ್ಗಾವಣೆ ಒಪ್ಪಂದವೊಂದು ಆಗುತ್ತದೆ: ಯಾವ ಕೆಲಸಕ್ಕೆ ಬಳಸಬಹುದು, ಮೂರನೆಯವರಿಗೆ ದಾಟಿಸಬಹುದೇ, ವ್ಯಾಪಾರಕ್ಕೆ ಬಳಸುವಂತಿದ್ದರೆ ಯಾರನ್ನು ಮತ್ತೆ ಕೇಳಬೇಕು, ಫಲಿತಾಂಶವನ್ನು ಹೇಗೆ ತಿಳಿಸಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಹರ್ಬೇರಿಯಂ ಹಾಳೆಯನ್ನು ಎರವಲು ಕೊಟ್ಟರೆ ಅದು ಮರಳಿ ಬರುತ್ತದೆ. ಅಂಗಾಂಶವು ಬಳಸಿದಂತೆ ಮುಗಿಯುತ್ತದೆ. ಆದ್ದರಿಂದ ಶೀಷೆಯ ಪ್ರತಿಯೊಂದು ಹನಿಯನ್ನೂ ಕೊಡುವ ಮೊದಲು, ಇದೇ ಪ್ರಶ್ನೆಗೆ ಇನ್ನೆಲ್ಲಿಯಾದರೂ ಉತ್ತರ ಸಿಗುವುದೇ ಎಂದು ನೋಡುವುದು ಅನಿವಾರ್ಯ. ಜಾಲ ಮಾಡಿಕೊಡುವ ನಿಜವಾದ ಉಪಕಾರ ಇದು, ಇದರಿಂದ ಅಪರೂಪದ ಜೀವಿಯನ್ನು ಮತ್ತೆ ಹಿಡಿಯುವುದೂ ಕೊಲ್ಲುವುದೂ ತಪ್ಪುತ್ತದೆ. ಸಣ್ಣ ಸಂಸ್ಥೆಗಳ ಮಟ್ಟಿಗೆ ಸಹಿ ಹಾಕುವುದು ಸುಲಭ. ವರ್ಷವಿಡೀ ಸಾರಜನಕವನ್ನು ಒದಗಿಸುವುದು, ವಿದ್ಯುತ್ತಿಗೆ ಬದಲಿ ಏರ್ಪಾಡು ಇಡುವುದು, ಹಳೆಯ ಶೀಷೆಗಳ ಹೆಸರುಗಳನ್ನು ಸಾಕ್ಷಿ ಮಾದರಿಗಳೊಡನೆ ಒಂದೊಂದಾಗಿ ಸರಿನೋಡುವುದು ಕಠಿಣ. ಆ ಕೆಲಸ ಮಾಡುವವರಿಗೆ ಸಲ್ಲಬೇಕಾದ ಗೌರವ ವಿಜ್ಞಾನ ಲೋಕದಲ್ಲಿ ಇನ್ನೂ ಸಂದಿಲ್ಲ.

ಒಂದು ದೇಶದ ಫ್ರೀಜರು ತಾನೊಂದೇ ಹೇಳಲಾರದ ಮಾತಿಗೆ ಪಶ್ಚಿಮ ಘಟ್ಟವೇ ಉತ್ತಮ ನಿದರ್ಶನ. 2003ರಲ್ಲಿ ಎಸ್. ಡಿ. ಬಿಜು ಮತ್ತು ಬೆಲ್ಜಿಯಂನ ಫ್ರಾಂಕಿ ಬೋಸುಯ್ಟ್ ಅವರು ಕೇರಳದ ಘಟ್ಟಗಳಿಂದ ವರ್ಣಿಸಿದ, ವರ್ಷದ ಬಹುಕಾಲ ಮಣ್ಣಿನೊಳಗೇ ಇರುವ ನೇರಳೆ ಕಪ್ಪೆಯ ಡಿಎನ್‌ಎಯನ್ನು ಇತರ ಕಪ್ಪೆಗಳದರೊಡನೆ ಹೋಲಿಸಿದಾಗ, ಅದರ ಅತಿ ಸಮೀಪದ ಬಂಧುಗಳು ಹಿಂದೂ ಮಹಾಸಾಗರದ ಸೆಷೆಲ್ಸ್ ದ್ವೀಪಗಳ ಪುಟ್ಟ ಕಪ್ಪೆಗಳೆಂದು ತಿಳಿಯಿತು. ಭಾರತದ ಭೂಖಂಡವೂ ಸೆಷೆಲ್ಸ್ ದ್ವೀಪಗಳೂ ಒಂದಾಗಿದ್ದ ಕಾಲದ ನೆನಪನ್ನು ಎರಡು ಕಡೆಯ ಅಂಗಾಂಶಗಳು ಕೂಡಿದಾಗ ಮಾತ್ರ ಓದಲು ಸಾಧ್ಯ. ಕರ್ನಾಟಕದ ಗಿಡಗಳ ಮಟ್ಟಿಗೂ ಇಂಥ ನಂಟು ಇದೆ: ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನಾ ಅವರು ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕೋಲ್ಸನ್ ಅವರೊಡನೆ ಸಂಪಾದಿಸಿ 1976ರಲ್ಲಿ ಹೊರತಂದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥಕ್ಕಾಗಿ ಕೂಡಿಸಿದ ಹಾಳೆಗಳ ಒಂದು ಪ್ರತಿ ಬೆಂಗಳೂರಿನಲ್ಲಿ, ಇನ್ನೊಂದು ವಾಷಿಂಗ್ಟನ್ನಿನಲ್ಲಿ ಇವೆ. ಸಕಲೇಶಪುರದ ಕಡೆಯ ಮಳೆಕಾಡಿನ ಮರವೊಂದರ ಒಣ ಎಲೆಯಿಂದ ಡಿಎನ್‌ಎ ತೆಗೆಯಲು ವಾಷಿಂಗ್ಟನ್ನಿನ ಕಪಾಟೂ ಸಾಕಾಗಬಹುದು ಎಂಬುದೇ ಮುಂದಿನ ಪ್ರಶ್ನೆಯನ್ನು ಎಬ್ಬಿಸುತ್ತದೆ: ಆ ಎಲೆಯ ಮೇಲೆ ಯಾರಿಗೆ ಹಕ್ಕು?

ಹೇಯ್ನ್ ಅವರ ಕಾಲದಲ್ಲಿ ಈ ಪ್ರಶ್ನೆಯನ್ನು ಕೇಳುವ ವೇದಿಕೆಯೇ ಇರಲಿಲ್ಲ. 1992ರಲ್ಲಿ ರಿಯೋ ದ ಜನೈರೊದಲ್ಲಿ ಸಹಿಗೆ ತೆರೆದುಕೊಂಡು 1993ರ ಡಿಸೆಂಬರ್ 29ರಂದು ಜಾರಿಗೆ ಬಂದ ಜೀವವೈವಿಧ್ಯ ಒಪ್ಪಂದವು, ಜೀವಿಗಳ ಆನುವಂಶಿಕ ಸಂಪನ್ಮೂಲದ ಮೇಲೆ ಆಯಾ ದೇಶಕ್ಕೆ ಸಾರ್ವಭೌಮ ಹಕ್ಕಿದೆಯೆಂದು ಸಾರಿತು. ಭಾರತ 2002ರಲ್ಲಿ ಜೈವಿಕ ವೈವಿಧ್ಯ ಅಧಿನಿಯಮವನ್ನು ರೂಪಿಸಿ, ಮರುವರ್ಷ ಚೆನ್ನೈಯಲ್ಲಿ ರಾಷ್ಟ್ರೀಯ ಜೈವಿಕ ವೈವಿಧ್ಯ ಪ್ರಾಧಿಕಾರವನ್ನು ಸ್ಥಾಪಿಸಿತು. ವಿದೇಶಿ ಸಂಶೋಧಕರು ಇಲ್ಲಿನ ಜೈವಿಕ ಸಂಪನ್ಮೂಲವನ್ನು ಪಡೆಯಲು ಅದರ ಮುನ್ನೊಪ್ಪಿಗೆ ಬೇಕು, ಹೊಸದಾಗಿ ಕಂಡುಹಿಡಿದ ಪ್ರಭೇದದ ಸಾಕ್ಷಿ ಮಾದರಿಯನ್ನು ಸರ್ಕಾರ ಗೊತ್ತುಪಡಿಸಿದ ಭಂಡಾರದಲ್ಲಿ ಇರಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳರು 1990ರ ದಶಕದಿಂದ ಪ್ರಚಾರಕ್ಕೆ ತಂದ ಜನತಾ ಜೀವವೈವಿಧ್ಯ ದಾಖಲಾತಿ, ಎಂದರೆ ಊರಿನವರೇ ತಮ್ಮ ಸುತ್ತಣ ಗಿಡ, ಪ್ರಾಣಿ, ಬಳಕೆಯ ಜ್ಞಾನಗಳನ್ನು ಬರೆದಿಡುವ ಪುಸ್ತಕ, ಈ ಕಾನೂನಿನ ವ್ಯವಸ್ಥೆಯ ಭಾಗವಾಯಿತು. ಹಾಳೆಯ ಮೇಲೆ ಸಂಗ್ರಾಹಕನ ಹೆಸರೊಂದೇ ಉಳಿಯುತ್ತಿದ್ದ ದೀರ್ಘ ಪರಂಪರೆಗೆ ಇದು ತಡವಾಗಿಯಾದರೂ ಬಂದ ತಿದ್ದುಪಡಿ. 2010ರಲ್ಲಿ ಅಂಗೀಕಾರವಾಗಿ 2014ರ ಅಕ್ಟೋಬರ್ 12ರಿಂದ ಜಾರಿಯಾದ ನಗೋಯ ಶಿಷ್ಟಾಚಾರವು ಅನುಮತಿ ಮತ್ತು ಲಾಭ ಹಂಚಿಕೆಯ ವಿಧಿಗಳನ್ನು ಇನ್ನಷ್ಟು ಸ್ಪಷ್ಟಗೊಳಿಸಿತು. ಕಾನೂನು ಬಿಗಿಯಾದಂತೆ ಮಾದರಿಗಳ ಓಡಾಟ ನಿಧಾನವಾಯಿತೆಂಬ ದೂರು ಸಂಶೋಧಕರಲ್ಲಿದೆ, ಅದರಲ್ಲಿ ಸತ್ಯವೂ ಇದೆ. ಆದರೂ ಎರಡು ಶತಮಾನ ಕೇಳದೆ ಒಯ್ದ ಮೇಲೆ ಕೇಳಿ ಒಯ್ಯುವ ತಡವನ್ನು ಸಹಿಸುವುದು ನ್ಯಾಯವೇ ಸರಿ.

ಜಾಲವು ಈ ಬದಲಾವಣೆಯನ್ನು ಹೊರಗಿನ ಅಡ್ಡಿಯೆಂದು ಕಾಣದೆ ತನ್ನ ದಾಖಲೆಯ ರೂಪಕ್ಕೇ ಸೇರಿಸಿಕೊಂಡದ್ದು ಅದರ ಇತಿಹಾಸದಲ್ಲಿ ಅತ್ಯಂತ ಮಹತ್ವದ ಹೆಜ್ಜೆ. 2015ರ ಸುಮಾರಿಗೆ ಅದು ಅನುಮತಿ ಮತ್ತು ಲಾಭ ಹಂಚಿಕೆಯ ಬಗ್ಗೆ ಸದಸ್ಯರಿಗಾಗಿ ನಡವಳಿಕೆಯ ಸಂಹಿತೆಯನ್ನೂ ಒಪ್ಪಂದಗಳ ಮಾದರಿಗಳನ್ನೂ ಸಿದ್ಧಪಡಿಸಿತು. ಮರುವರ್ಷ ಪ್ರಕಟವಾದ ಅದರ ದತ್ತಾಂಶ ಮಾನಕದಲ್ಲಿ ಅಂಗಾಂಶದ ಗುಣ, ಸಂರಕ್ಷಣೆಯ ವಿಧಾನ, ತಾಪಮಾನಗಳ ಜೊತೆಗೆ ಅನುಮತಿಪತ್ರಕ್ಕೂ ಅಂಕಣಗಳಿವೆ. ಈ ನಡುವೆ ಬೇಡಿಕೆಯ ಸ್ವರೂಪವೂ ಬದಲಾಗಿದೆ. 2018ರಲ್ಲಿ ಆರಂಭವಾದ ಅರ್ಥ್ ಬಯೋಜೀನೋಮ್ ಯೋಜನೆಯಂಥ ಪ್ರಯತ್ನಗಳು ಇಡೀ ಜೀನೋಮನ್ನು, ಎಂದರೆ ಜೀವಿಯ ಸಮಗ್ರ ಡಿಎನ್‌ಎಯನ್ನು, ಉದ್ದುದ್ದ ಎಳೆಗಳಾಗಿ ಓದಲು ಬಯಸುತ್ತವೆ. ಆಲ್ಕೋಹಾಲಿನಲ್ಲೋ ಸಿಲಿಕಾ ಜೆಲ್ಲಿನಲ್ಲೋ ಇಟ್ಟ ಹಳೆಯ ಮಾದರಿಗಳಲ್ಲಿ ಎಳೆಗಳು ಮುರಿದಿರುವುದರಿಂದ, ಜೀವಿ ಸಿಕ್ಕಿದ ಕೂಡಲೇ ಸಾರಜನಕದಲ್ಲಿ ಹೆಪ್ಪುಗಟ್ಟಿಸಿದ ಅಂಗಾಂಶವೇ ಇದಕ್ಕೆ ತಕ್ಕದ್ದು. ಹೀಗಾಗಿ ಹೊಸದಾಗಿ ಸಂಗ್ರಹಿಸುವ ಕೆಲಸ ಮತ್ತೆ ಕಾಡುಗಳಿಗೆ ಮರಳಿದೆ, ಹೆಚ್ಚು ಪ್ರಭೇದಗಳಿರುವ ಕಾಡುಗಳು ಬಹುಪಾಲು ಉಷ್ಣವಲಯದ ದೇಶಗಳಲ್ಲಿವೆ.

ಶೀಷೆ ದೇಶ ಬಿಟ್ಟು ಹೋಗದೆಯೂ ಅದರ ಅಕ್ಷರಸರಣಿ ಕ್ಷಣದಲ್ಲಿ ಎಲ್ಲೆಡೆ ತಲುಪುವುದರಿಂದ, ಜೀವವೈವಿಧ್ಯ ಒಪ್ಪಂದದ ಹಳೆಯ ಭಾಷೆ ಈಗ ಸಾಲದಾಗಿದೆ. 2022ರಲ್ಲಿ ಮಾಂಟ್ರಿಯಲ್‌ನಲ್ಲಿ ಸೇರಿದ ಸದಸ್ಯ ರಾಷ್ಟ್ರಗಳು ಸರಣಿಗಳ ಬಳಕೆಯಿಂದ ಬರುವ ಲಾಭವನ್ನೂ ಹಂಚಬೇಕೆಂದು ಒಪ್ಪಿದವು; 2024ರಲ್ಲಿ ಕೊಲಂಬಿಯದ ಕಾಲಿ ನಗರದಲ್ಲಿ ಅದಕ್ಕಾಗಿ ನಿಧಿಯ ರೂಪರೇಖೆ ಸಿದ್ಧವಾಗಿ, ಅದರಲ್ಲಿ ಕನಿಷ್ಠ ಅರ್ಧದಷ್ಟು ಮೂಲನಿವಾಸಿಗಳಿಗೂ ಸ್ಥಳೀಯ ಸಮುದಾಯಗಳಿಗೂ ಸಲ್ಲಬೇಕೆಂಬ ಗುರಿ ನಿಶ್ಚಯವಾಯಿತು. ಔಷಧ, ಸೌಂದರ್ಯವರ್ಧಕ, ಬಿತ್ತನೆ ಬೀಜ ಮುಂತಾದ ಉದ್ಯಮಗಳು ಸ್ವಇಚ್ಛೆಯಿಂದ ಕೊಡಬೇಕಾದ ಆ ಹಣ ಎಷ್ಟು ಬಂದೀತೆಂಬುದು ಮುಂದಿನ ಮಾತು. ಇತ್ತ ಭಂಡಾರಗಳಲ್ಲಿ, 1993ಕ್ಕಿಂತ ಮೊದಲು ಬಂದ ಶೀಷೆಗಳಿಗೆ ಒಂದು ಬಗೆಯ ದಾಖಲೆ, ಆಮೇಲೆ ಬಂದವಕ್ಕೆ ಇನ್ನೊಂದು ಬಗೆಯ ದಾಖಲೆ ಬೇಕಾಗಿರುವುದರಿಂದ, ಜಾಲ ಸೇರಬಯಸುವ ಸಂಸ್ಥೆಯ ಸಂಗ್ರಹಪಾಲಕರು ಹಳೆಯ ಪತ್ರವ್ಯವಹಾರದ ಕಡತಗಳನ್ನು ತೆರೆದು, ಯಾವ ಮಾದರಿ ಯಾರ ಒಪ್ಪಿಗೆಯಿಂದ ಬಂದಿತು ಎಂಬ ಅಂಕಣವನ್ನು ಒಂದೊಂದಾಗಿ ತುಂಬಬೇಕಾಗಿದೆ.